ಮಳೆಗಾಲದ ರಾತ್ರಿ ಮತ್ತು ಪಕ್ಕದ ಮನೆ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದ ಕೊಡಗಿನ ಈ ಅಕ್ಕನಿಗೆ ಐವತ್ತರ ಆಸುಪಾಸು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ, ಕಾಫಿ ತೋಟ ಎರಡೂ ಹೋದವು. ಈಗಿರುವುದು ಸಂತ್ರಸ್ತರಿಗೆಂದು ಕಟ್ಟಿದ ಬಡಾವಣೆಯಲ್ಲಿ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿಯಿತಲ್ಲ, ಅವತ್ತಿನಿಂದ ಇವರ ನಿದ್ದೆ ಕೆಟ್ಟಿತು. ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಅದೇ ವಿಡಿಯೊ. ಬಟ್ಟೆ, ಆಧಾರ್ ಕಾರ್ಡ್, ಪಾಸ್‌ಬುಕ್ ತುಂಬಿದ ಚೀಲ ತಲೆದಿಂಬಿನ ಪಕ್ಕದಲ್ಲೇ. "ಏನು ಮಾಡಿದ್ರೂ ಒಂದಿನ ಎಲ್ಲ ಹೋಗೋದೇ ಅಲ್ವಾ ಮೇಡಂ?" ಅಂದರು.

ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ. ಹುಟ್ಟುವುದಿಲ್ಲ. ಇಲ್ಲ ಅಂದರು, ಆಮೇಲೆ ತುಂಬಾ ಹೊತ್ತು ಅತ್ತರು.

"ಏನೂ ಆಗಲ್ಲ, ಧೈರ್ಯವಾಗಿರಿ" ಎಂದು ನಾನು ಹೇಳಲಿಲ್ಲ. ಗುಡ್ಡ ಜರಿದದ್ದನ್ನು ಕಣ್ಣಾರೆ ಕಂಡವರ ಭಯ ಸುಮ್ನೆ ಬಂದದ್ದಲ್ಲ. ಆದರೆ ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಂತು. ಆ ದಿನ ಬಾಗಿಲು ಬಡಿದು ಎಬ್ಬಿಸಿದ್ದು ಪಕ್ಕದ ಮನೆಯವರು. ಇಲ್ಲಿ ಪಕ್ಕದವರ ಹೆಸರೂ ಗೊತ್ತಿಲ್ಲ. ಅವರನ್ನು ಕುಗ್ಗಿಸಿದ್ದು ಮಳೆಗಿಂತ ಜಾಸ್ತಿ ಇದು.

ಚೀಲ ಇರಲಿ ಅಂದೆ, ಅದು ಜಾಣತನ. ಸುದ್ದಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ರಾತ್ರಿ ಫೋನಿನ ರಿಂಗ್ ಜೋರಾಗಿಟ್ಟು ಕೈಗೆ ಸಿಗದ ಕಡೆ ಇಡಿ. ಇನ್ನು ನಿಮ್ಮ ಸಾಲಿನ ಮನೆಗಳಿಗೆ ಹೋಗಿ ಎರಡೇ ಪ್ರಶ್ನೆ ಕೇಳಿ: ಫೋನ್ ನಂಬರ್ ಯಾವುದು, ರಾತ್ರಿ ಎದ್ದು ಹೊರಡಬೇಕಾದರೆ ಯಾರನ್ನು ಎತ್ತಿಕೊಂಡು ಹೋಗಬೇಕು? ತೋಟವಿದ್ದಾಗ ಇವರೂ ಕೊಡಗಿನ ಎಷ್ಟೋ ಬೆಳೆಗಾರರಂತೆ ದಿನಾ ಮಳೆ ಅಳೆದು, ಇಷ್ಟು ಇಂಚು ಎಂದು ಡೈರಿಯಲ್ಲಿ ಬರೆಯುತ್ತಿದ್ದರಂತೆ. ಅದನ್ನೂ ಮತ್ತೆ ಶುರು ಮಾಡಿ, ಲೆಕ್ಕ ಎಲ್ಲರಿಗೂ ತಿಳಿಸಿ ಅಂದೆ.

ಮೊದಲ ವಾರ ಹೋದದ್ದು ಒಂದೇ ಮನೆಗೆ, ಕಣಿಲೆ (ಎಳೆ ಬಿದಿರು) ಪಲ್ಯ ಕೊಡುವ ನೆಪದಲ್ಲಿ. ಅಲ್ಲಿದ್ದ ಅಜ್ಜಿಗೆ ನಡೆಯಲು ಆಗುವುದಿಲ್ಲ. ಅವರೂ ರಾತ್ರಿಯೆಲ್ಲ ಎಚ್ಚರವಿದ್ದವರೇ! ಇಬ್ಬರೂ ಸಂಜೆವರೆಗೆ ಕೂತು ತಮ್ಮ ತಮ್ಮ ಊರಿನ ಮಾತಾಡಿದರು. ಈಗ ಸಾಲಿನವರ ನಂಬರ್ ಎಲ್ಲರ ಫೋನಿನಲ್ಲಿದೆ, ಅಜ್ಜಿಯನ್ನು ಎತ್ತಲು ಇಬ್ಬರು ಹುಡುಗರು ನಿಗದಿಯಾಗಿದ್ದಾರೆ. ಜೋರು ಮಳೆಗೆ ಅಕ್ಕನಿಗೆ ಈಗಲೂ ಎಚ್ಚರವಾಗುತ್ತದೆ. ಎಷ್ಟು ಇಂಚು ಎಂದು ನೋಡಿ, ಮಲಗುತ್ತಾರೆ.

ನಿಮಗೂ ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಬದುಕು ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.