ಕೋಲು ಹಿಡಿದರೆ ಮುದುಕಿ ಆದ ಹಾಗಾ?

ಪ್ರಶ್ನೆ: ನನಗೆ 61. ಬಲಗಾಲಿನ ಮಂಡಿ ಸವೆದಿದೆ, ಆದರೂ ನಡೆಯುವುದು ಬಿಡಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು, ಆಮೇಲೆ ಮಾರ್ಕೆಟ್ಟು, ಆಗಾಗ ಚಾಮುಂಡಿ ಬೆಟ್ಟದ ಮೆಟ್ಟಿಲು. ಮಗ ಟ್ರೆಕ್ಕಿಂಗ್ ಪೋಲ್ ಜೋಡಿ ತರಿಸುತ್ತೇನೆ ಅನ್ನುತ್ತಾನೆ. ನಮ್ಮನೆಯವರು, ಅಟ್ಟದಲ್ಲಿ ನಮ್ಮ ಮಾವನ ಬೆತ್ತ ಇದೆಯಲ್ಲ, ಅದೇ ಸಾಕು ಅನ್ನುತ್ತಾರೆ. ನನಗೋ ಕೋಲು ಹಿಡಿಯೋದಕ್ಕೇ ನಾಚಿಕೆ. ಯಾವುದು ತಗೊಳ್ಳಲಿ?
– ಓದುಗರು, ಮೈಸೂರು

ಉತ್ತರ: ನಾಚಿಕೆ ಒಂದು ವಾರ ಇರುತ್ತದೆ. ಆಮೇಲೆ ಕೆರೆ ಏರಿಯ ನಾಯಿಗಳು ನಿಮ್ಮನ್ನು ಕಂಡರೆ ದೂರ ಸರಿಯುತ್ತವೆ, ಅದೂ ಒಂದು ಲಾಭ.

ಮಗ ಹೇಳುವ ಟ್ರೆಕ್ಕಿಂಗ್ ಪೋಲ್‌ಗೆ ಹಿಡಿ ನೆಟ್ಟಗಿರುತ್ತದೆ. ಅದು ಏರು ಇಳಿತದಲ್ಲಿ ಆಯ ತಪ್ಪದಂತೆ ನೋಡಿಕೊಳ್ಳುತ್ತದೆ, ಆದರೆ ನಿಂತು ಭಾರ ಬಿಡೋಕೆ ಅಂಗೈಗೆ ಜಾಗವೇ ಇಲ್ಲ. ಜೊತೆಗೆ ಎರಡು ಕೈಯಲ್ಲೂ ಪೋಲ್ ಹಿಡಿದರೆ ತರಕಾರಿ ಚೀಲ ಯಾರು ಹೊರುತ್ತಾರೆ? ದಿನದ ಓಡಾಟಕ್ಕೆ ನಿಮಗೆ ಒಂದೇ ಸಾಕು: ಮೇಲೆ ಅಡ್ಡ ಹಿಡಿ ಇರುವ, ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಅಲ್ಯೂಮಿನಿಯಂ ಕೋಲು. ಗುಂಡಿ ಒತ್ತಿ ತೂತಿಗೆ ಕೂರಿಸುವ ಥರದ್ದನ್ನೇ ನೋಡಿ. ತಿರುಗಿಸಿ ಬಿಗಿ ಮಾಡುವ ಒಂದನ್ನು ನಾನೇ ತಂದಿದ್ದೆ, ಒಂದು ದಿನ ಮೆಟ್ಟಿಲಿಳಿಯುವಾಗ ಭಾರ ಬಿಟ್ಟ ಕೂಡಲೇ ಸರ್‍ರೆಂದು ಒಳಗೆ ಜಾರಿತು, ಪಕ್ಕದ ಕಂಬಿ ಸಿಗದಿದ್ದರೆ ನೆಲಕ್ಕೇ ಬೀಳುತ್ತಿದ್ದೆ.

ಉದ್ದ ನೋಡುವುದು ಹೀಗೆ. ದಿನಾ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡು ನೆಟ್ಟಗೆ ನಿಂತು ಕೈ ಇಳಿಬಿಡಿ. ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪವೇ ಬಾಗಿರಬೇಕು. ಭುಜ ಮೇಲೆದ್ದರೆ ಕೋಲು ಉದ್ದ, ಸೊಂಟ ಬಗ್ಗಿದರೆ ಗಿಡ್ಡ.

ಇನ್ನೊಂದು, ಎಲ್ಲರೂ ಎಡವುವ ವಿಷಯ. ನೋವು ಬಲ ಮಂಡಿಯಲ್ಲಾದರೆ ಕೋಲು ಎಡಗೈಯಲ್ಲಿ! ಬಲಗಾಲು ಮುಂದೆ ಹೋಗುವಾಗ ಕೋಲೂ ಜೊತೆಗೇ ಹೋಗಬೇಕು, ಆಗ ಬಲಗಾಲಿನ ಮೇಲೆ ಬೀಳುವ ಭಾರದಲ್ಲಿ ಒಂದಿಷ್ಟನ್ನು ಎಡಗೈ ಹೊರುತ್ತದೆ. ಮೆಟ್ಟಿಲಲ್ಲಿ ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಬೆಟ್ಟದ ಸಾವಿರ ಮೆಟ್ಟಿಲಲ್ಲಿ ಮಂಡಿ ಜಾಸ್ತಿ ಕೂಗುವುದು ಇಳಿಯುವಾಗಲೇ ಅಲ್ವಾ? ನಂದಿಯವರೆಗೆ ಹತ್ತಿ, ಅಲ್ಲಿಂದ ವಾಹನದಲ್ಲಿ ಇಳಿದರೆ ಚಾಮುಂಡಿ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡು ಹಾಕುವುದಿದ್ದರೆ ಕೆಳಗಿನ ರಬ್ಬರ್ ಬುಶ್‌ಗೆ ಹಾಕಿ. ತಿಂಗಳಿಗೊಮ್ಮೆ ಕೋಲು ತಲೆಕೆಳಗು ಮಾಡಿ ನೋಡಿ, ಗೆರೆಗಳು ಸವೆದು ನುಣ್ಣಗಾಗಿದ್ದರೆ ಬದಲಿಸಿ. ಒದ್ದೆ ಗ್ರಾನೈಟ್ ಮೇಲೆ ಸವೆದ ಬುಶ್ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಅಂಗಡಿಗೆ ಹೋಗುವಾಗ ಕೋಲನ್ನೇ ತಗೊಂಡು ಹೋಗಿ, ಬುಶ್ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ.

ಮಾವನವರ ಬೆತ್ತವನ್ನೂ ಸುಮ್ನೆ ಅಟ್ಟದಲ್ಲಿ ಬಿಡಬೇಡಿ. ಬಿರುಕು, ಹುಳ ಇಲ್ಲದಿದ್ದರೆ ಮನೆ ಸುತ್ತಮುತ್ತಲಿಗೆ ಆಗುತ್ತದೆ. ಅವರು ಎತ್ತರದವರಿದ್ದರೆ ಬೆತ್ತ ನಿಮಗೆ ಉದ್ದವಾದೀತು, ಬಡಗಿಯ ಹತ್ತಿರ ಕತ್ತರಿಸಿಕೊಳ್ಳಿ. ಆದರೆ ಬುಶ್‌ನ ದಪ್ಪ ಲೆಕ್ಕಕ್ಕೆ ಹಿಡಿದು ಗುರುತು ಹಾಕಿಕೊಡಿ, ನಮ್ಮ ಮನೆಯಲ್ಲಿ ಅದನ್ನು ಮರೆತು ಕೋಲು ಒಂದು ಇಂಚು ಉದ್ದವೇ ಉಳಿದು, ಎರಡನೇ ಸಲ ಬಡಗಿಯನ್ನು ಹುಡುಕಿಕೊಂಡು ಹೋಗಿದ್ದೆವು.