ಕೆಲವು ದೇಶಗಳಲ್ಲಿ ಮಾತ್ರ ಹೆಚ್ಚುಕಮ್ಮಿ ಎಲ್ಲರಿಗೂ ಈಜು ಬರುತ್ತದೆ, ಯಾಕೆ?

ಅಲ್ಲಿ ಚಿಕ್ಕಂದಿನಲ್ಲೇ ಎಲ್ಲರಿಗೂ ಕಲಿಸುತ್ತಾರೆ, ಅಷ್ಟೇ. ಸಮುದ್ರ ಹತ್ತಿರ ಇದ್ದರೆ ಸಾಲದು. ಜಗತ್ತಿನ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಈಜು ಬರುವುದಿಲ್ಲ, ಈಜು ಬರುವ ಹೆಂಗಸರಂತೂ ಇನ್ನೂ ಕಡಿಮೆ.

ಐಸ್‌ಲ್ಯಾಂಡ್ ನೋಡಿ. ಸುತ್ತಲೂ ಸಮುದ್ರ, ಆದರೂ ಹಿಂದೆ ಅಲ್ಲಿನ ಹೆಚ್ಚಿನ ಮೀನುಗಾರರಿಗೆ ಈಜು ಗೊತ್ತಿರಲಿಲ್ಲ. 1940ರಲ್ಲಿ ಶಾಲೆಗಳಲ್ಲಿ ಈಜು ಕಡ್ಡಾಯ ಮಾಡಿದರು, ನೆಲದಡಿ ಬಿಸಿನೀರು ಧಾರಾಳವಾಗಿ ಇದ್ದದ್ದರಿಂದ ಸಣ್ಣ ಊರುಗಳಲ್ಲೂ ಕೊಳ ಕಟ್ಟಿದರು. ಈಗ ಈಜು ಬಾರದವರು ಅಲ್ಲಿ ಅಪರೂಪ.

ಅಮೆರಿಕದ ಕಪ್ಪು ಜನರ ಕತೆ ಇದಕ್ಕೆ ಪೂರ್ತಿ ಉಲ್ಟಾ. ಸಾರ್ವಜನಿಕ ಕೊಳಗಳಿಗೆ ಅವರನ್ನು ಬಿಡುತ್ತಿರಲಿಲ್ಲ. 1950-60ರ ದಶಕದಲ್ಲಿ ಬಿಡಲೇಬೇಕು ಎಂದು ಕೋರ್ಟುಗಳು ಹೇಳಿದಾಗ, ಎಷ್ಟೋ ಊರುಗಳು ಕೊಳವನ್ನೇ ಮುಚ್ಚಿಬಿಟ್ಟವು, ಇದು ನಿಜಕ್ಕೂ ಕ್ರೂರ. ಹೀಗೆ ಕಲಿಯದೆ ಉಳಿದವರು ತಮ್ಮ ಮಕ್ಕಳನ್ನೂ ನೀರಿಗೆ ಬಿಡಲು ಹೆದರುತ್ತಾರೆ, ಹಾಗಾಗಿ ಕಾನೂನು ಹೋದರೂ ಅದರ ಪರಿಣಾಮ ಮೊಮ್ಮಕ್ಕಳವರೆಗೂ ಬರುತ್ತದೆ. ಕಪ್ಪು ಜನರ ಮೂಳೆ ಭಾರ, ಅದಕ್ಕೇ ತೇಲುವುದಿಲ್ಲ ಎಂದು ಕೆಲವರು ಸುಮ್ನೆ ಹೇಳುತ್ತಾರೆ, ಅಲ್ವಾ? ಅದನ್ನು ನಂಬಬೇಡಿ. 17ನೇ ಶತಮಾನದಲ್ಲಿ ಪಶ್ಚಿಮ ಆಫ್ರಿಕಾದ ಕರಾವಳಿಗೆ ಹೋದ ಯುರೋಪಿನವರೇ, ಇಲ್ಲಿನ ಜನ ನಮಗಿಂತ ಎಷ್ಟೋ ಚೆನ್ನಾಗಿ ಈಜುತ್ತಾರೆ ಎಂದು ಬರೆದಿಟ್ಟಿದ್ದಾರೆ.