ಜಪಾನಿನ ಅತ್ಯುನ್ನತ ಗೌರವ ಯಾವುದು? ಅದು ಯಾರಿಗೆ ಸಿಗುತ್ತದೆ?

ಎಲ್ಲಕ್ಕಿಂತ ಮೇಲಿರುವುದು ಸೇವಂತಿಗೆ ಪದಕ. ಸೇವಂತಿಗೆ ಅಲ್ಲಿನ ರಾಜಮನೆತನದ ಲಾಂಛನ. 1876ರಲ್ಲಿ ಶುರುವಾದ ಈ ಗೌರವಕ್ಕೆ 1888ರಲ್ಲಿ ಕೊರಳಹಾರ ಸೇರಿತು. ಈ ಹಾರವೇ ತುತ್ತತುದಿ. ಚಕ್ರವರ್ತಿ ಧರಿಸುತ್ತಾರೆ, ವಿದೇಶಿ ರಾಷ್ಟ್ರಾಧ್ಯಕ್ಷರಿಗೂ ರಾಜರಿಗೂ ಕೊಡುತ್ತಾರೆ. ಜಪಾನಿನದೇ ರಾಜಕಾರಣಿಗಳಿಗೆ ಮಾತ್ರ ಸಾಮಾನ್ಯವಾಗಿ ಸತ್ತ ಮೇಲೆಯೇ: 1967ರಲ್ಲಿ ಶಿಗೆರು ಯೊಶಿದಾ, 2022ರಲ್ಲಿ ಶಿಂಜೊ ಅಬೆ.

ಅದರ ಕೆಳಗೆ ಪಾಲೋನಿಯಾ ಹೂವಿನ ಪದಕ (ಮನಮೋಹನ್ ಸಿಂಗ್ ಅವರಿಗೆ 2014ರಲ್ಲಿ ಬಂತು), ಆಮೇಲೆ ಉದಯಸೂರ್ಯ ಪದಕ. ಉದಯಸೂರ್ಯದಲ್ಲಿ ಹಲವು ದರ್ಜೆಗಳಿವೆ. ನಮ್ಮ ಸಿ.ಎನ್.ಆರ್. ರಾವ್ ಅವರಿಗೆ 2015ರಲ್ಲಿ ಸಿಕ್ಕಿದ್ದು ಇದರದೇ ಒಂದು ದರ್ಜೆ. ಇಂಥವನ್ನು ವರ್ಷಕ್ಕೆರಡು ಬಾರಿ, ಏಪ್ರಿಲ್ 29 ಮತ್ತು ನವೆಂಬರ್ 3ರಂದು, ಪ್ರತಿ ಸಲವೂ ಸುಮಾರು ನಾಲ್ಕು ಸಾವಿರ ಜನರಿಗೆ ಪ್ರಕಟಿಸುತ್ತಾರೆ. ಬಹುಪಾಲು ನಿವೃತ್ತ ಅಧಿಕಾರಿಗಳು, ಮೇಷ್ಟ್ರುಗಳು, ಸ್ಥಳೀಯ ಮುಖಂಡರು.

ನನಗೆ ಇಷ್ಟವಾಗುವುದು 1937ರ ಸಂಸ್ಕೃತಿ ಪದಕ. ದರ್ಜೆಗಳಿಲ್ಲ. ಐದೆಸಳಿನ ಬಿಳಿ ಕಿತ್ತಳೆ ಹೂವಿನ ಆಕಾರ, ನೇರಳೆ ರಿಬ್ಬನ್. ಸಾಹಿತಿ, ಕಲಾವಿದ, ವಿಜ್ಞಾನಿಗಳಿಗೆ ಚಕ್ರವರ್ತಿಯೇ ಕೈಯಾರೆ ಕೊಡುತ್ತಾರೆ. 1969ರಲ್ಲಿ ಚಂದ್ರನವರೆಗೆ ಹೋಗಿಬಂದ ಅಪೊಲೊ 11ರ ಮೂವರಿಗೂ ಕೊಟ್ಟಿದ್ದರು! ನೊಬೆಲ್ ಪಡೆದ ಕೆಂಜಾಬುರೊ ಓಎ 1994ರಲ್ಲಿ ಇದನ್ನು ಬೇಡವೆಂದರು.

ದುಡ್ಡು? ಪದಕದ ಜೊತೆ ಯಾವ ಸವಲತ್ತೂ ಇರಬಾರದೆಂದು ಸಂವಿಧಾನದ 14ನೇ ವಿಧಿ ಹೇಳುತ್ತದೆ. ಅದಕ್ಕೇ 1951ರಲ್ಲಿ 'ಸಾಂಸ್ಕೃತಿಕ ಸಾಧಕ' ಎಂಬ ಬೇರೆಯದೇ ಪಟ್ಟಿ ಮಾಡಿ, ಅದರಲ್ಲಿರುವವರಿಗೆ ಪಿಂಚಣಿ ಇಟ್ಟರು. ಜಾಣತನ ನೋಡಿ.